ರಂಜಕ ಹಚ್ಚಿದ ತುತ್ತು

ಅಪ್ಪ ತನ್ನ ತಟ್ಟೆಯಿಂದ ನನಗೆ ತುತ್ತು ಕೊಡುತ್ತಿದ್ದುದು ಬಲಗೈಯಿಂದಲೇ ಇರಬೇಕು. ಆದರೆ ಕಣ್ಣು ಮುಚ್ಚಿದರೆ ನನಗೆ ಕಾಣುವುದು ಎಡಗೈ. ಎಡಗೈಯಲ್ಲಿ ಯಾರೂ ತುತ್ತು ಕೊಡುವುದಿಲ್ಲ. ಇಂಥ ಸಣ್ಣದರಲ್ಲೇ ಎಡವುವ ನೆನಪನ್ನು ದೊಡ್ಡದರಲ್ಲಿ ಎಷ್ಟು ನಂಬಬೇಕೋ ತಿಳಿಯದು.

ತೊಂಬತ್ತರ ದಶಕದ ಮೊದಲ ವರ್ಷಗಳು. ವಿಜಾಪುರದ ಕಡೆಯಿಂದ ಬಂದ ನಾವು ಕೊಂಕಣಿ ಸೀಮೆಯ ಗಣಿಯೂರು ಸಾವರ್ಡೆಯಲ್ಲಿ, ಅದಿರಿನ ಲಾರಿಗಳು ಓಡಾಡುವ ರಸ್ತೆಯ ಪಕ್ಕದ ತಗಡಿನ ಮನೆಯಲ್ಲಿದ್ದೆವು. ಅಪ್ಪ ಅದಿರು ತುಂಬುತ್ತಿದ್ದ. ಅವ್ವ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಳು. ಒಗೆದ ಬಟ್ಟೆ, ಗಿಡದ ಎಲೆ, ಓಣಿಯ ಬೆಕ್ಕು, ಎಲ್ಲವೂ ಕೆಂಪು. ಅಪ್ಪನ ಕಫದಲ್ಲಿ ಕೆಂಪು ಕಂಡಾಗ ಅದನ್ನೂ ಧೂಳೆಂದೇ ತಿಳಿದೆವು. ಸರಕಾರಿ ದವಾಖಾನೆಯವರು ಟಿ.ಬಿ. ಎಂದರು. ತಿಂಗಳುಗಟ್ಟಲೆ ನುಂಗಲು ಗುಳಿಗೆ ಕೊಟ್ಟರು. ಅವುಗಳಲ್ಲೊಂದು ಕೆಂಪು ಕ್ಯಾಪ್ಸೂಲ್. ಅದರಿಂದ ಮೂತ್ರ ಕೆಂಪಾಗುತ್ತದೆ, ಹೆದರಬೇಡಿ ಎಂದರು. ತಟ್ಟೆ, ಲೋಟ ಬೇರೆ ಇಡಿ ಎಂದೂ ಹೇಳಿದರು. ಅಂದಿನಿಂದ ನನ್ನ ತುತ್ತು ನಿಂತಿತು. ಆಗ ನಾನು ಹತ್ತೋ ಹನ್ನೊಂದೋ ವರ್ಷದ ಹುಡುಗಿ.

ಅದಕ್ಕೂ ಮೊದಲೇ ಅಪ್ಪ ಯೇಸುವನ್ನು ನಂಬಿದ್ದ. ಲಾರಿ ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ ಭಾನುವಾರ ಕನ್ನಡದ ಪ್ರಾರ್ಥನಾ ಕೂಟ ನಡೆಯುತ್ತಿತ್ತು. ಅವ್ವ ತನ್ನ ಎಲ್ಲಮ್ಮನನ್ನು ಬಿಟ್ಟಿರಲಿಲ್ಲ. ಬಿಡು ಎಂದು ಅಪ್ಪನೂ ಹೇಳಿರಲಿಲ್ಲ. ಕೂಟದಲ್ಲಿ ಸಾಕ್ಷಿ ಹೇಳುವ ರೂಢಿಯಿತ್ತು. ದೇವರು ತನಗೆ ಮಾಡಿದ ಉಪಕಾರವನ್ನು ಎಲ್ಲರೆದುರು ಎದ್ದು ನಿಂತು ಹೇಳುವುದು. ಇನ್ನೂ ಆಗದ್ದನ್ನು ಆಗಿಹೋಯಿತು ಎಂದು ಮೊದಲೇ ಹೇಳಿ ಸ್ತೋತ್ರ ಮಾಡುವವರೂ ಇದ್ದರು. ಅದು ಗಟ್ಟಿ ನಂಬಿಕೆಯ ಗುರುತು. ಗುಳಿಗೆ ಶುರುವಾಗಿ ಎರಡು ತಿಂಗಳಾಗಿ, ಜ್ವರ ಇಳಿದು ಕೆಮ್ಮು ತಗ್ಗಿದಾಗ, ಒಂದು ಭಾನುವಾರ ಅಪ್ಪ ಎದ್ದು ನಿಂತ.

“ವಾಸಿ ಮಾಡ್ತೇನಿ ಅಂತ ದೇವರು ಮಾತು ಕೊಟ್ಟಾನ್ರಿ. ನನಗ ವಾಸಿ ಆಗೈತಿ.”

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಅಂದು ಊಟಕ್ಕೆ ಕುಳಿತಾಗ ಅಪ್ಪ ನನ್ನನ್ನು ಕರೆದು ತನ್ನ ತಟ್ಟೆಯಿಂದ ರೊಟ್ಟಿ ಮುರಿದು ಬಾಯಿಗಿಟ್ಟ. ಅವ್ವ ಬಂದು ನನ್ನ ರಟ್ಟೆ ಹಿಡಿದು ಎಳೆಯುವಷ್ಟರಲ್ಲಿ ನುಂಗಿಬಿಟ್ಟಿದ್ದೆ. ಮರುದಿನದಿಂದ ಅಪ್ಪ ಗುಳಿಗೆ ಮುಟ್ಟಲಿಲ್ಲ.

ಸುದ್ದಿ ಕೇಳಿ ಕೂಟದ ಪಾಸ್ಟರೇ ಮನೆಗೆ ಬಂದರು. “ಗುಳಿಗಿ ಬಿಡಬ್ಯಾಡ್ರಿ ಅಣ್ಣಾರ. ಅದೂ ಆತನ ಕೈಯಿಂದನ ಬಂದದ್ದು.”

“ಅಷ್ಟು ಮಂದಿ ಮುಂದ ವಾಸಿ ಆತು ಅಂದೇನ್ರಿ,” ಎಂದ ಅಪ್ಪ. “ಇನ್ನ ಗುಳಿಗಿ ನುಂಗಿದ್ರ ಆತನ್ನ ಸುಳ್ಳ ಮಾಡಿದಂಗ ಆಗೂದಿಲ್ಲೇನ್ರಿ?”

ಒಲೆಯ ಮುಂದಿನಿಂದ ಅವ್ವ ಅಂದಳು: “ನಿಮ್ಮ ದೇವರು ಮಾತು ಕೊಟ್ಟಾನ, ನಾ ಎಲ್ಲಿ ಇಲ್ಲ ಅಂದ್ನಿ? ಯಾವಾಗ ಅಂತ ಹೇಳ್ಯಾನೇನ್ರಿ? ನಮ್ಮ ಗೌಂಡಿನೂ ಮಾತು ಕೊಡ್ತಾನ, ನಾಳೆ ಮುಗಸ್ತೇನಿ ಅಂತ.”

ಪಾಸ್ಟರ್ ನಕ್ಕರು. ಅಪ್ಪ ನಗಲಿಲ್ಲ.

ಕೆಲವು ತಿಂಗಳಲ್ಲಿ ಕೆಮ್ಮು ಮರಳಿತು. “ಸೈತಾನ ಹೆದರಸಾಕತ್ತಾನ,” ಎಂದ ಅಪ್ಪ, ಮತ್ತೂ ಗಟ್ಟಿಯಾಗಿ ಪ್ರಾರ್ಥಿಸಿದ. ಅವ್ವ ನನ್ನನ್ನು ಕರೆದುಕೊಂಡು ದವಾಖಾನೆಗೆ ಹೋದಳು. ಅಪ್ಪ ಕೆಲಸಕ್ಕೆ ಹೋಗಿದ್ದಾನೆ, ಗುಳಿಗೆ ಸರಿಯಾಗಿ ನುಂಗುತ್ತಿದ್ದಾನೆ ಎಂದು ನಾನು ಶಾಲೆಯಲ್ಲಿ ಕಲಿತ ಕೊಂಕಣಿಯಲ್ಲಿ ಸುಳ್ಳು ಹೇಳಿದೆ. ತಂದ ಗುಳಿಗೆಗಳನ್ನು ಜೋಳದ ಡಬ್ಬಿಯೊಳಗೆ ಹುಗಿದಿಟ್ಟೆವು. ಬಿಳಿ ಗುಳಿಗೆಗಳನ್ನು ಲೋಟದ ತಳದಿಂದ ಅರೆಯುವುದು, ಕ್ಯಾಪ್ಸೂಲ್ ಬಿಚ್ಚಿ ಕೆಂಪು ಪುಡಿ ಉದುರಿಸುವುದು ನನ್ನ ಕೆಲಸ. ಅವ್ವ ಅದನ್ನು ಹಸಿ ಕೆಂಪು ಮೆಣಸಿನಕಾಯಿಯ ರಂಜಕದಲ್ಲಿ ಕಲಸಿ ಅಪ್ಪನ ರೊಟ್ಟಿಗೆ ಹಚ್ಚುತ್ತಿದ್ದಳು. ಆ ಖಾರದಲ್ಲಿ ಬಣ್ಣವೂ ಕಹಿಯೂ ಮುಚ್ಚಿಹೋಗುತ್ತವೆ ಎಂದು ಅವಳ ಲೆಕ್ಕ.

“ನೀ ಮಾತ್ರ ಬಾಯಿಗೆ ಹಾಕಬ್ಯಾಡ,” ಎಂದಳು.

ಮೊದಲ ದಿನವೇ ಅಪ್ಪ ತುತ್ತು ಚಾಚಿದ. ನಾನು ಬಾಯಿ ತೆರೆಯಲಿಲ್ಲ.

“ಹೊಟ್ಟಿ ತುಂಬೈತಿ.”

“ಇನ್ನೂ ಉಂಡೇ ಇಲ್ಲ, ಹೆಂಗ ತುಂಬತೈತಿ?” ಕೈ ಹಾಗೇ ಚಾಚಿತ್ತು. “ನಿನಗೂ ನಂಬಿಕಿ ಇಲ್ಲೇನ, ಯವ್ವಾ?”

ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಅಪ್ಪ ತುತ್ತನ್ನು ನೋಡಿದ, ಅವ್ವನ ಬೆನ್ನನ್ನು ನೋಡಿದ. ಇಲ್ಲಿಂದ ಮುಂದಕ್ಕೆ ನನ್ನ ಬಳಿ ಎರಡು ನೆನಪುಗಳಿವೆ. ಒಂದರಲ್ಲಿ ಅಪ್ಪ ಆ ತುತ್ತನ್ನು ತಾನೇ ತಿಂದು, ತಟ್ಟೆಯನ್ನು ಬೆರಳಿನಿಂದ ಬಳಿದು ಮುಗಿಸುತ್ತಾನೆ. ಇನ್ನೊಂದರಲ್ಲಿ ತಟ್ಟೆ ಸರಿಸಿ ಎದ್ದು ಹೋಗುತ್ತಾನೆ. ಎರಡನ್ನೂ ಸ್ಪಷ್ಟವಾಗಿ ಕಂಡಿದ್ದೇನೆ. ಎರಡೂ ಆಗಿರಲು ಸಾಧ್ಯವಿಲ್ಲ.

ಮರುದಿನ ಬೆಳಿಗ್ಗೆ ಅಪ್ಪ ಮನೆಯ ಹಿಂದೆ ಮೂತ್ರಕ್ಕೆ ಹೋಗಿಬಂದ ಮೇಲೆ ನಾನು ಅಲ್ಲಿಗೆ ಹೋಗಿ ನೋಡಿದೆ. ಒದ್ದೆಯಾಗಿದ್ದ ನೆಲ ಕೆಂಪಗಿತ್ತು. ಆದರೆ ಆ ಊರಿನ ನೆಲ ಯಾವುದರಿಂದ ಒದ್ದೆಯಾದರೂ ಕೆಂಪೇ. ಬಹಳ ಹೊತ್ತು ಕುಕ್ಕರುಗಾಲಿನಲ್ಲಿ ಕುಳಿತು ನೋಡಿದ್ದು ನೆನಪಿದೆ.

ಅಪ್ಪ ಮತ್ತೆಂದೂ ನನಗೆ ತುತ್ತು ಚಾಚಲಿಲ್ಲ. ಅವ್ವ ರಂಜಕ ಕಲಸುವುದನ್ನು ನಿಲ್ಲಿಸಲಿಲ್ಲ. ಆ ಮನೆಯಲ್ಲಿ ಗುಳಿಗೆಯ ಮಾತನ್ನು ಯಾರೂ ಎತ್ತಲಿಲ್ಲ. ಮಳೆಗಾಲ ಹಿಡಿದಾಗ ಅಪ್ಪ ಒಂದು ಬೋಗುಣಿ ರಕ್ತ ಕಾರಿದ. ನಡುವೆ ಬಿಟ್ಟ ತಿಂಗಳುಗಳಲ್ಲಿ ರೋಗ ಬಲಿತಿದೆ, ಈಗ ಗುಳಿಗೆಗೆ ಬಗ್ಗುತ್ತಿಲ್ಲ ಎಂದರು ಡಾಕ್ಟರು. ಹದಿನೈದು ದಿನ ದವಾಖಾನೆಯಲ್ಲಿದ್ದ. ಪಾಸ್ಟರ್ ಬಂದು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದಾಗ ಅಪ್ಪ ಹೇಳಿದ: “ಆತ ಮಾತು ತಪ್ಪಂಗಿಲ್ರಿ. ನಾನ ಗಡಿಬಿಡಿ ಮಾಡೇನಿ.” ಇದನ್ನು ಅವ್ವನೂ ಕೇಳಿದ್ದಾಳೆ, ಹಾಗಾಗಿ ನಂಬುತ್ತೇನೆ. ಅದಾಗಿ ಎರಡನೆಯ ದಿನ ಅಪ್ಪ ತೀರಿಕೊಂಡ.

ನಾನು ಈಗಲೂ ಕೂಟಕ್ಕೆ ಹೋಗುತ್ತೇನೆ. ಸಾಕ್ಷಿ ಹೇಳಲು ಒಮ್ಮೆಯೂ ಎದ್ದಿಲ್ಲ.

ನನಗೆ ಇನ್ನೂ ಒಂದು ನೆನಪಿತ್ತು. ದವಾಖಾನೆಯ ಮಂಚದಿಂದ ಅಪ್ಪ ನನ್ನ ಕಡೆಗೆ ಕೈ ಚಾಚಿ ತುತ್ತು ಕೊಡುತ್ತಾನೆ, ನಾನು ಈ ಸಲ ಬಾಯಿ ತೆರೆಯುತ್ತೇನೆ. ಎಷ್ಟೋ ವರ್ಷಗಳ ಮೇಲೆ ಇದನ್ನು ಅವ್ವನಿಗೆ ಹೇಳಿದೆ.

“ದವಾಖಾನ್ಯಾಗ ರೊಟ್ಟಿ ಯಾರ ಕೊಡ್ತಾರ? ಅಕ್ಕಿ ಗಂಜಿ ಕೊಡ್ತಿದ್ರು, ಅದನ್ನೂ ನಾನ ಚಮಚಾದಾಗ ಕುಡಸ್ತಿದ್ನಿ.”

“ಖರೇ ಅವ್ವಾ, ಕೈ ಮುಂದ ಮಾಡಿದ್ದ. ಎಡಗೈ.”

“ಬಲಗೈಗೆ ಸಲೈನ್ ಹಚ್ಚಿದ್ರು,” ಎಂದಳು ಅವ್ವ. “ನೀ ಹತ್ರ ಹತ್ರ ಹೊಂಟಿದ್ದಿ. ದೂರ ಕುಂಡ್ರು ಅಂತ ಕೈ ಮಾಡ್ತಿದ್ದ.”