ಹುಳುಮನೆಯ ಗಂಟೆ

ಕೋಲಾರದ ಕ್ಲಾಕ್ ಟವರ್ ಹತ್ತಿರ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಲಿಯಾಖತ್ ಸಾಬರಿಗೆ ಮುಚ್ಚಿದ ಡಬ್ಬಿ ಕಂಡರೆ ಆಗುತ್ತಿರಲಿಲ್ಲ. ಅವರು ಕೆಲಸ ಕಲಿತದ್ದು ಬೆಂಗಳೂರಿನ ಒಬ್ಬ ಉಸ್ತಾದರ ಬಳಿ. ತಾವು ಜೋಡಿಸಿದ ಆಂಪ್ಲಿಫೈಯರನ್ನು ಬೇರೆಯವರು ನೋಡಿ ಮಾಡಿಕೊಳ್ಳಬಾರದೆಂದು ಆ ಉಸ್ತಾದರು ಟ್ರಾನ್ಸಿಸ್ಟರುಗಳ ಮೇಲಿನ ನಂಬರನ್ನು ಅರದಿಂದ ಉಜ್ಜಿಸಿ ಅಳಿಸಿಬಿಡುತ್ತಿದ್ದರು. ಉಜ್ಜುವ ಕೆಲಸ ಲಿಯಾಖತ್ ಅವರದು. ಅದರಿಂದ ಬೇಸತ್ತಿದ್ದವರು ಸ್ವಂತ ಅಂಗಡಿ ತೆರೆದಾಗ ಅದಕ್ಕೆ ನೇರ ವಿರುದ್ಧವಾದದ್ದನ್ನೇ ಮಾಡಿದರು. ಪ್ಲೈವುಡ್ ಹಲಗೆಯ ಮೇಲೆ ಸರ್ಕ್ಯೂಟನ್ನು ಬಿಡಿಸಿ ಹರಡಿ, ಹಿತ್ತಾಳೆ ಸ್ಕ್ರೂಗಳಿಂದ ಬಿಗಿದು, ಪ್ರತಿ ಭಾಗದ ಪಕ್ಕ ಅದರ ಹೆಸರು, ನಂಬರು, ಕೆಲಸ ಎಲ್ಲವನ್ನೂ ಬಿಳಿ ಪೇಂಟಿನಲ್ಲಿ ಕನ್ನಡದಲ್ಲೇ ಬರೆದು ಗೋಡೆಗೆ ನೇತುಹಾಕಿದರು. ಯಾರು ಬೇಕಾದರೂ ಸ್ಕ್ರೂ ಸಡಿಲಿಸಿ, ಒಂದು ಭಾಗ ತೆಗೆದು ಇನ್ನೊಂದು ಹಾಕಿ ನೋಡಬಹುದಿತ್ತು.

"ಎಲ್ಲಾ ಹೀಗೆ ತೋರಿಸ್ಬಿಟ್ರೆ ಅಂಗಡಿಗೆ ಯಾರು ಬರ್ತಾರೆ?" ಎಂದು ಹೆಂಡತಿ ನೂರ್ಜಹಾನ್ ಕೇಳುತ್ತಿದ್ದರು.

"ನೋಡೋಕೆ ಬರ್ತಾರಲ್ಲ!"

1981ರ ಮಳೆಗಾಲದಲ್ಲಿ ಸುಗಟೂರಿನ ರಾಮಲಕ್ಷ್ಮಮ್ಮ ಕೆಟ್ಟ ರೇಡಿಯೋ ಹಿಡಿದು ಬಂದರು. ಸಾಬರು ಅದನ್ನು ಬಿಚ್ಚುವಷ್ಟರಲ್ಲಿ ಆಕೆ ಒಂದು ಹಲಗೆಯ ಮುಂದೆ ನಿಂತುಬಿಟ್ಟಿದ್ದರು. ಅದರಲ್ಲಿ ಬಿಸಿ-ತಂಪು ಗುರುತಿಸುವ, ಕಾಳಿನ ಗಾತ್ರದ ಒಂದು ಥರ್ಮಿಸ್ಟರ್ ಇತ್ತು. ಅದಕ್ಕೆ ತಣ್ಣೀರು ಸೋಕಿದರೆ ಸಾಕು, ಗಂಟೆ ಬಾರಿಸುತ್ತಿತ್ತು. ಸಾಬರು ಆಟಕ್ಕೆಂದು ಮಾಡಿದ್ದು.

"ಸಾಬ್ರೇ, ಇದನ್ನ ನಮ್ ಹುಳದ ಮನೇಲಿ ಕಟ್ಬೋದಾ? ಹುಳ ಜ್ವರಕ್ಕೆ ಕೂತಾಗ ಚಳಿ ಬಿದ್ರೆ ಎದ್ದೇಳಲ್ಲ. ಗಂಟೆ ಹೊಡೆದ್ರೆ ಹೋಗಿ ಇದ್ದಿಲೊಲೆ ಹಚ್ತೀನಿ."

ರೇಷ್ಮೆಹುಳು ಪೊರೆ ಬಿಡುವ ಮುನ್ನ ಸೊಪ್ಪು ತಿನ್ನದೆ ಮಲಗುವುದನ್ನು ಜ್ವರ ಎನ್ನುತ್ತಾರೆಂಬುದು ಸಾಬರಿಗೆ ಅಂದೇ ತಿಳಿದದ್ದು. ಮಾರನೆಯ ದಿನವೇ ಸುಗಟೂರಿನ ಬಸ್ಸು ಹತ್ತಿದರು. ಬಾಗಿಲ ಪಕ್ಕದ ಗೋಡೆಗೆ ಹಲಗೆ ಬಿಗಿದು, ಯಾವುದು ಏನೆಂದು ಆಕೆಗೆ ವಿವರಿಸಿ ಬಂದರು.

ವಾರದೊಳಗೆ ರಾಮಲಕ್ಷ್ಮಮ್ಮ ಮತ್ತೆ ಅಂಗಡಿಯಲ್ಲಿ. "ಬಾಗಿಲು ತೆಗೆದ್ರೆ ಸಾಕು, ಬಡ್ಕೊಳ್ತದೆ. ಸೊಪ್ಪಿನ ತೇವಕ್ಕೆ ಆ ಕಾಳೂ ಕಿಲುಬು ಹಿಡೀತು."

ಸಾಬರು ಹೊಸ ಕಾಳು ಕೊಟ್ಟು, ತಲೆ ಕೆರೆದುಕೊಂಡು, ಯೋಚಿಸುತ್ತೇನೆ ಎಂದರು. ಅವರಿನ್ನೂ ಯೋಚಿಸುತ್ತಿರುವಾಗಲೇ ಆಕೆ ಮೂರನೆಯ ಸಲ ಬಂದರು, ಈ ಸಲ ನಗುತ್ತಾ. ತೇವ ತಾಗದಿರಲೆಂದು ಕಾಳನ್ನು ಕರಗಿಸಿದ ಮೇಣದಬತ್ತಿಯಲ್ಲಿ ಅದ್ದಿ ತೆಗೆದಿದ್ದರಂತೆ. ಕಿಲುಬು ನಿಂತಿತು. ಅದರ ಜೊತೆಗೆ ಬಾಗಿಲು ತೆಗೆದಾಗಿನ ಗಲಾಟೆಯೂ ನಿಂತುಹೋಯಿತು.

ಅದು ಹೇಗೆಂದು ಸಾಬರಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಮೇಣ ನಿಧಾನವಾಗಿ ತಣ್ಣಗಾಗುತ್ತದೆ. ಒಂದು ಗಳಿಗೆಯ ಗಾಳಿ ಒಳಗಿನ ಕಾಳಿಗೆ ತಟ್ಟುವುದೇ ಇಲ್ಲ. "ವಾರೆವ್ಹಾ ಅಮ್ಮಾ!" ಎಂದವರೇ ಪೇಂಟಿನ ಡಬ್ಬಿ ತೆಗೆದು ಗೋಡೆಯ ಹಲಗೆಯಲ್ಲಿ ಕಾಳಿನ ಪಕ್ಕ ಬರೆದರು: "ಮೇಣದಲ್ಲಿ ಅದ್ದಬೇಕು. ಇದು ಸುಗಟೂರಿನ ರಾಮಲಕ್ಷ್ಮಮ್ಮನವರ ಉಪಾಯ."

ಆಮೇಲೆ ಹುಳು ಸಾಕುವವರು ಊರೂರಿಂದ ಬಂದು ಹಲಗೆ ನೋಡಿ, ಸಾಮಾನು ಕೊಂಡು, ತಾವೇ ಜೋಡಿಸಿಕೊಂಡರು. ಅವರನ್ನು ನೋಡಿ ಇನ್ನೊಬ್ಬರು ಮಾಡಿಕೊಂಡರು.

ಎರಡು ವರ್ಷ ಕಳೆದ ಮೇಲೆ ಸಾಬರು ಮುಳಬಾಗಿಲಿನಲ್ಲಿ ಒಂದು ಮದುವೆ ಮುಗಿಸಿಕೊಂಡು ಬಸ್ಸಿನಲ್ಲಿ ವಾಪಸು ಬರುತ್ತಿದ್ದರು. ಪಕ್ಕದಲ್ಲಿ ಕೂತಿದ್ದ ಆವಲಪ್ಪ ಎಂಬ ರೈತ ಮಾತಿಗೆಳೆದ.

"ನಮ್ಮನೇಲಿ ರಾಮಲಕ್ಷ್ಮಮ್ಮನ ಗಂಟೆ ಐತೆ, ಗೊತ್ತಾ ಸಾಬ್ರೇ? ಚಳಿ ಆದ್ರೆ ಹೇಳ್ತದೆ."

"ಹೌದಾ? ಅದು ಹೇಗೆ?"

ಆವಲಪ್ಪ ದಾರಿಯುದ್ದಕ್ಕೂ ವಿವರಿಸಿದ. ಅವನ ತಾಯಿಗೆ ಕಿವಿ ಕೇಳಿಸದು. ಅದಕ್ಕೇ ಗಂಟೆ ತೆಗೆದು ಬಲ್ಬು ಹಾಕಿದ್ದ. ಬಲ್ಬಿಗೆ ಕರೆಂಟು ಸಾಲದೆಂದು ಇನ್ನೊಂದು ಟ್ರಾನ್ಸಿಸ್ಟರನ್ನೂ ಸೇರಿಸಿದ್ದ. ಸಾಬರ ಮದುವೆಮನೆಯ ಪೊಟ್ಟಣದ ಕಾಗದ ಈಸಿಕೊಂಡು ಸರ್ಕ್ಯೂಟನ್ನೂ ಬರೆದುಕೊಟ್ಟ.

"ನೀವೂ ಒಂದು ಮಾಡ್ಕೊಳ್ಳಿ. ತಿಳೀದಿದ್ರೆ ಕೋಲಾರದಲ್ಲಿ ರೇಡಿಯೋದವ್ರು ಯಾರನ್ನಾದ್ರೂ ಕೇಳಿ."

"ಕೇಳ್ತೀನಪ್ಪಾ," ಎಂದು ಸಾಬರು ಕಾಗದವನ್ನು ಜೋಪಾನವಾಗಿ ಮಡಿಸಿ ಜೇಬಿಗಿಟ್ಟುಕೊಂಡರು.

ಮನೆಯಲ್ಲಿ ಇದನ್ನು ಕೇಳಿ ನೂರ್ಜಹಾನ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಅದನ್ನ ಮಾಡಿದ್ದೇ ನಾನು ಅಂತ ಹೇಳ್ಬಾರದಿತ್ತಾ?"

"ಹೇಳಿದ್ರೆ ಅವ್ನು ಮಾತು ನಿಲ್ಲಿಸ್ಬಿಡ್ತಿದ್ದ. ಬಲ್ಬಿನ ವಿಷಯ ನನಗೆಲ್ಲಿ ಗೊತ್ತಾಗ್ತಿತ್ತು?"

ಮರುದಿನ ಬೆಳಿಗ್ಗೆ ಅಂಗಡಿಯ ಕದ ತೆಗೆದು ಸಾಬರು ಮೊದಲು ಹುಡುಕಿದ್ದು ಒಂದು ಖಾಲಿ ಹಲಗೆಯನ್ನು.