ನಾನು ಉಪ್ಪು ಕೇಳಿದ ಊಟ

ಇದು 2006–07ರ ಸುಮಾರಿನ ಮಾತು. ಕೋಲ್ಕತ್ತಾದ ಸಾಲ್ಟ್ ಲೇಕ್‌ನಲ್ಲಿ ಖಾಲಿ ಸೈಟುಗಳೆಲ್ಲ ಗಾಜಿನ ಕಟ್ಟಡಗಳಾಗುತ್ತಿದ್ದ ಕಾಲ. ಅಲ್ಲಿನ ಎರಡು ಸಾಫ್ಟ್‌ವೇರ್ ಕಂಪನಿಗಳಿಗೆ ಇಡ್ಲಿ, ವಡೆ, ಮೊಸರನ್ನ ಮಾಡಿ ಕಳಿಸುವುದು ನನ್ನ ವ್ಯಾಪಾರ. ಊರು ಉಡುಪಿಯ ಕಡೆ. ಲೇಕ್ ಟೌನಿನಲ್ಲಿ ಒಂದು ಬಾಡಿಗೆ ಮನೆ, ಅದರ ಕೆಳಗೆ ಅಡುಗೆಮನೆ. ಮನೆಯಲ್ಲಿ ನಾನು ಮತ್ತು ಹೆಂಡತಿ ಶೈಲಾ.

ಆ ಕಂಪನಿಗಳ ಕೆಲವು ಹುಡುಗರು ಭಾನುವಾರ ದೂರದ ಓಟ ಓಡುತ್ತಿದ್ದರು. ಗಿರಾಕಿಗಳೆಂಬ ಮುಲಾಜಿಗೆ ನಾನೂ ಒಂದು ದಿನ ಜೊತೆಗೆ ಹೋದೆ. ಅವರೆಲ್ಲ ಒಬ್ಬೊಬ್ಬರಾಗಿ ಬಿಟ್ಟರು, ನಾನು ಬಿಡಲಿಲ್ಲ. ಆರೋಗ್ಯ ಗೀರೋಗ್ಯ ಎಂದು ಸುಳ್ಳು ಹೇಳುವುದಿಲ್ಲ. ನಾನು ಓಡುತ್ತಿದ್ದದ್ದು ತಿನ್ನುವುದಕ್ಕಾಗಿ. ಶ್ಯಾಮ್‌ಬಜಾರಿನಲ್ಲಿ ಬಿಸಿ ಕಚೋರಿ, ಬಿ.ಟಿ. ರೋಡಿನಲ್ಲಿ ಜಿಲೇಬಿ, ದಕ್ಷಿಣೇಶ್ವರದಲ್ಲಿ ಮತ್ತೆ ಕಚೋರಿ, ಜೊತೆಗೆ ಆಲೂಗಡ್ಡೆ ಪಲ್ಯ. ನನ್ನ ಓಟದ ದಾರಿಗೆ ಗುರುತು ಹಾಕಿದ್ದು ಮೈಲಿಗಲ್ಲುಗಳಲ್ಲ, ಬಾಣಲೆಗಳು. ನಾಲಿಗೆಯ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು. ಯಾರ ಮನೆಯಲ್ಲಿ ಉಂಡರೂ ಉಪ್ಪು ಹೆಚ್ಚಾಯಿತು, ಒಗ್ಗರಣೆ ಸೀದಿತು ಎಂದು ಹೇಳದಿದ್ದರೆ ನನಗೆ ತಿಂದದ್ದು ಕರಗುತ್ತಿರಲಿಲ್ಲ. ಶೈಲಾ ಇದಕ್ಕಾಗಿಯೇ ನನ್ನನ್ನು ನೆಂಟರ ಮನೆಗೆ ಕರೆದುಕೊಂಡು ಹೋಗಲು ಹೆದರುತ್ತಿದ್ದಳು.

ಆಗೆಲ್ಲ ಬಂಗಾಳದಲ್ಲಿ ಬಂದ್‌ಗಳಿಗೆ ಬರವಿರಲಿಲ್ಲ. ಬಂದ್ ಎಂದರೆ ಕಂಪನಿಗಳಿಗೆ ರಜೆ, ನನಗೂ ರಜೆ. ಒಂದು ಚಳಿಗಾಲದ ಬಂದ್ ದಿನ, ರಸ್ತೆಯಲ್ಲಿ ಒಂದೂ ಬಸ್ಸಿರುವುದಿಲ್ಲ, ಇವತ್ತು ಎಂದೂ ಓಡದಷ್ಟು ದೂರ ಓಡಬೇಕು ಎಂದು ಬೆಳಿಗ್ಗೆಯೇ ಶೂ ಕಟ್ಟಿಕೊಂಡು ನಿಂತೆ.

ಶೈಲಾ ಬಾಗಿಲಲ್ಲಿ ತಡೆದಳು. "ಎಂತಾದ್ರೂ ಹೊಟ್ಟೆಗೆ ಹಾಕಿಕೊಂಡು ಹೋಗಿ. ಎರಡು ಇಡ್ಲಿ ಉಂಟು."

"ಕಚೋರಿಗೆ ಜಾಗ ಬೇಡ್ವಾ?" ಎಂದೆ.

"ಬಂದ್ ದಿನ ನಿಮಗೆ ಕಚೋರಿ ಯಾರು ಕಾಯಿಸಿ ಇಟ್ಟಿರ್ತಾರೆ ಮಾರಾಯ್ರೆ?"

"ಅರ್ಧ ಷಟರ್ ಎತ್ತಿ ಮಾರ್ತಾರೆ. ನಂಗೆ ಗೊತ್ತಿಲ್ವಾ ಇವರ ಬಂದ್" ಎಂದು ಹೊರಟುಬಿಟ್ಟೆ.

ಶ್ಯಾಮ್‌ಬಜಾರಿನಲ್ಲಿ ಷಟರ್ ಪೂರ್ತಿ ಕೆಳಗಿತ್ತು. ಬಿ.ಟಿ. ರೋಡಿನ ಉದ್ದಕ್ಕೂ ಹುಡುಗರು ರಸ್ತೆ ಮಧ್ಯೆ ಕ್ರಿಕೆಟ್ ಆಡುತ್ತಿದ್ದರು, ಆದರೆ ಒಂದು ಟೀ ಅಂಗಡಿಯೂ ತೆರೆದಿರಲಿಲ್ಲ. ದಕ್ಷಿಣೇಶ್ವರದಲ್ಲಿ ಸಿಕ್ಕೇ ಸಿಗುತ್ತದೆ ಎಂದುಕೊಂಡೆ. ಅಲ್ಲಿಯೂ ಕಚೋರಿ ಅಂಗಡಿಗಳ ಒಲೆ ತಣ್ಣಗಿತ್ತು. ಆಗಲೇ ಹಿಂತಿರುಗಬೇಕಿತ್ತು. ಕಾಲು ಚೆನ್ನಾಗಿ ಓಡುತ್ತಿತ್ತು, ಹುಮ್ಮಸ್ಸು ಬಿಡಲಿಲ್ಲ. ಸೇತುವೆ ದಾಟಿ ಆಚೆ ದಡಕ್ಕೆ ಹೋದೆ. ಗಂಗೆಯ ಪಕ್ಕದ ರಸ್ತೆಯಲ್ಲಿ ಉತ್ತರಪಾಡಾ ದಾಟಿ ಇನ್ನೂ ಮುಂದೆ ಓಡಿದೆ. ಅಲ್ಲಿಂದ ದೋಣಿ ಹತ್ತಿ ಈಚೆಗೆ ಬರುವುದು ನನ್ನ ಲೆಕ್ಕಾಚಾರ. ಘಾಟಿನಲ್ಲಿ ನೋಡಿದರೆ ದೋಣಿಗಳನ್ನು ಕಟ್ಟಿಹಾಕಿದ್ದರು. ಬಂದ್ ದೋಣಿಗೂ ಇರುತ್ತದೆಂದು ನನಗೆ ಹೊಳೆದೇ ಇರಲಿಲ್ಲ.

ವಾಪಸು ಹೊರಟು ಸ್ವಲ್ಪ ದೂರ ಬರುವಷ್ಟರಲ್ಲಿ ಮೈ ಕೈಕೊಟ್ಟಿತು. ದೂರ ಓಡುವವರಿಗೆ ಇದು ಗೊತ್ತು: ಒಮ್ಮೆಲೇ ಒಳಗಿನದೆಲ್ಲ ಮುಗಿದುಹೋಗುತ್ತದೆ. ತಣ್ಣನೆಯ ಬೆವರು, ಕೈ ನಡುಕ, ಕಣ್ಣಿಗೆ ಕತ್ತಲೆ. ಬೀದಿ ಕೊಳಾಯಿಯ ನೀರು ಕುಡಿದೆ, ಅದೂ ವಾಂತಿಯಾಯಿತು. ಗೋಡೆ ಹಿಡಿದುಕೊಂಡು ನೆರಳಿಗೆಂದು ನದಿ ಕಡೆಯ ಒಂದು ಓಣಿಗೆ ಇಳಿದೆ. ಇಲ್ಲಿ ಬಿದ್ದರೆ ನನ್ನ ಹೆಸರು ಹೇಳುವವರೂ ಇಲ್ಲವಲ್ಲ ಎಂದು ನಿಜವಾಗಿ ಭಯವಾಯಿತು. ಫೋನನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ.

ಓಣಿಯ ಕೊನೆಯಲ್ಲಿ ಒಂದು ಹಳೆಯ ಸಣ್ಣ ಶಿವನ ಗುಡಿ. ಅದಕ್ಕೆ ತಗುಲಿಕೊಂಡೇ ಒಂದು ಮನೆಯ ಅಂಗಳ. ಅಂಗಳದಲ್ಲಿ ಒಬ್ಬರು ಬಿಳಿ ಪಂಚೆ ಉಟ್ಟು, ಬಿಳಿ ಬಟ್ಟೆ ಹೊದ್ದು, ಬರಿಗಾಲಲ್ಲಿ ಕುಕ್ಕರಗಾಲು ಹಾಕಿ ಕೂತು ಮಣ್ಣಿನ ಮಡಕೆಯಲ್ಲಿ ಅನ್ನ ಮಾಡುತ್ತಿದ್ದರು. ವಯಸ್ಸು ನಲವತ್ತರ ಹತ್ತಿರ. ದೂರದ ಮೆಟ್ಟಿಲಿನ ಮೇಲೆ ಬಿಳಿ ಸೀರೆಯ ಒಬ್ಬರು ಮುದುಕಿ. ಅವರು ಒಲೆಯ ಹತ್ತಿರ ಬರುತ್ತಿರಲಿಲ್ಲ. ಪಕ್ಕದಲ್ಲಿ ಒಂದು ಸಣ್ಣ ಚಾಪೆ, ಅದರ ಮುಂದೆ ನೀರು ಚಿಮುಕಿಸಿದ ಬಾಳೆ ಎಲೆ.

ಊರಲ್ಲಿ ಬೆಳೆದ ನನ್ನ ಕಣ್ಣಿಗೆ ಇದು ಹೊಸದೇನಲ್ಲ. ಮಡಿಯುಟ್ಟ ಭಟ್ಟರು, ಗುಡಿಯ ಪಕ್ಕ ನೈವೇದ್ಯದ ಅಡುಗೆ, ಮುಟ್ಟದೆ ದೂರ ಕೂತ ಅಜ್ಜಿ. ಭಟ್ಟರ ಮುಖದ ಮೇಲೆ ಒಂದು ವಾರದ ಗಡ್ಡವಿತ್ತು. ಏನೋ ವ್ರತವಿರಬೇಕು ಎಂದುಕೊಂಡೆ. ನಮ್ಮ ಕಡೆ ಮಧ್ಯಾಹ್ನದ ಹೊತ್ತಿಗೆ ಯಾವ ದೇವಸ್ಥಾನಕ್ಕೆ ಹೋದರೂ ನೀವು ಯಾರು ಎಂದು ಕೇಳುವುದಿಲ್ಲ, ಸಾಲಿನಲ್ಲಿ ಕೂತರೆ ಎಲೆ ಹಾಕುತ್ತಾರೆ. ನಾನೂ ಹಾಗೆಯೇ ಶೂ ಬಿಚ್ಚಿಟ್ಟು, ಅಂಗಳದಲ್ಲಿ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟೆ.

"ಮಹಾರಾಜ್, ಪ್ರಸಾದ್ ಮಿಲೇಗಾ?" ಎಂದೆ. ಅಡುಗೆ ಭಟ್ಟರನ್ನು ಹಿಂದಿಯಲ್ಲಿ ಹಾಗೆಯೇ ಕರೆಯುವುದು.

ಅವರು ತಲೆಯೆತ್ತಿ ನನ್ನನ್ನು ನೋಡಿದರು. ನಡುಗುವ ನನ್ನ ಕೈಗಳನ್ನು ಸ್ವಲ್ಪ ಹೊತ್ತು ನೋಡುತ್ತಲೇ ಇದ್ದರು. ಮುದುಕಿ ಬಂಗಾಳಿಯಲ್ಲಿ ಏನೋ ಜೋರಾಗಿ ಹೇಳಲು ಹೊರಟರು. ಇವರು ಕೈಯೆತ್ತಿ ಅವರನ್ನು ಸುಮ್ಮನಾಗಿಸಿ, ಹಾಕಿಟ್ಟಿದ್ದ ಎಲೆಯನ್ನು ಎತ್ತಿ ನನ್ನ ಮುಂದೆ ಇಟ್ಟರು. "ಬೈಠಿಯೇ, ಬೈಠಿಯೇ" ಎಂದರು. ಮುದುಕಿ ಭಾರಿ ಜಿಪುಣಿ ಎಂದು ನಾನು ಮನಸ್ಸಿನಲ್ಲೇ ಬೈದುಕೊಂಡೆ.

ಬೆಳ್ತಿಗೆ ಅಕ್ಕಿಯ ಬಿಳಿ ಅನ್ನ, ಅದರೊಳಗೇ ಬೇಯಿಸಿದ ಬಾಳೆಕಾಯಿ, ಮೇಲೊಂದು ಚಮಚ ತುಪ್ಪ. ಅಷ್ಟೇ. ಬಾಯಿ ಸುಡುವುದನ್ನೂ ನೋಡದೆ ನುಂಗಿದೆ. ನಾಲ್ಕು ತುತ್ತು ಒಳಗೆ ಹೋದ ಮೇಲೆ ಕಣ್ಣು ತಿಳಿಯಾಯಿತು, ಕೈ ನಡುಕ ನಿಂತಿತು. ಪ್ರಾಣ ಬಂತು. ಪ್ರಾಣ ಬಂದ ಕೂಡಲೇ ನನ್ನ ಹಾಳು ನಾಲಿಗೆಗೂ ಜೀವ ಬಂತು.

"ಮಹಾರಾಜ್, ಉಪ್ಪು ಹಾಕೋದೇ ಮರೆತಿದ್ದೀರಿ" ಎಂದು ನಗುತ್ತ ಹಿಂದಿಯಲ್ಲಿ ಹೇಳಿದೆ. "ನಾನೂ ಅಡುಗೆಯವನೇ, ನಮಗೆಲ್ಲ ಹೀಗಾಗ್ತದೆ. ಸ್ವಲ್ಪ ಉಪ್ಪು, ಒಂದು ಹಸಿಮೆಣಸು ಇದ್ದರೆ ಕೊಡಿ."

ಅವರು ಮುಖ ಸಪ್ಪಗೆ ಮಾಡಿಕೊಂಡು, "ಇವತ್ತು ಉಪ್ಪು ಇಲ್ಲ" ಎಂದರು. ಅಷ್ಟು ಹೇಳಿ, ಮಡಕೆಯಲ್ಲಿ ಉಳಿದಿದ್ದ ಅನ್ನವನ್ನೂ ಬಳಿದು ನನ್ನ ಎಲೆಗೆ ಹಾಕಿದರು. ನಾನು ಬೇಡ ಎನ್ನಲಿಲ್ಲ. ಪೂರ್ತಿ ಉಂಡೆ.

ಕೈ ತೊಳೆಯಲು ಎದ್ದಾಗ ತೆರೆದ ಬಾಗಿಲಿನಿಂದ ಒಳಗೆ ಕಣ್ಣು ಹೋಯಿತು. ಕುರ್ಚಿಯ ಮೇಲೆ ಒಬ್ಬ ವಯಸ್ಸಾದ ಹೆಂಗಸಿನ ಫೋಟೋ, ಅದಕ್ಕೆ ಸುಗಂಧರಾಜದ ಹಾರ, ಮುಂದೆ ಉರಿಯುವ ದೀಪ. ಮುದುಕಿ ಮೆಟ್ಟಿಲ ಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದರು. ಏನಾಯಿತು ಎಂದು ಕೇಳಿದೆ.

ಅವರು ಅರ್ಧ ಬಂಗಾಳಿ ಅರ್ಧ ಹಿಂದಿಯಲ್ಲಿ ಹೇಳಿದ್ದನ್ನು ನಾನು ಇಲ್ಲಿ ಬರೆಯುತ್ತಿದ್ದೇನೆ. ಅಡುಗೆ ಮಾಡುತ್ತಿದ್ದವರ ಹೆಸರು ಸುಬೀರ್. ತೀರಿಕೊಂಡದ್ದು ಅವರ ತಾಯಿ. ಈ ಅಜ್ಜಿ ಸುಬೀರ್ ಬಾಬುವಿನ ಸೋದರತ್ತೆ, ಬಂಗಾಳಿಯಲ್ಲಿ ಪಿಶೀ. ಅವರಲ್ಲಿ ತಾಯಿ ತಂದೆ ಸತ್ತರೆ ಶ್ರಾದ್ಧದವರೆಗೆ ಮಗ ಹೊಲಿಯದ ಬಿಳಿ ಬಟ್ಟೆ ಉಟ್ಟು, ದಿನಕ್ಕೆ ಒಂದೇ ಸಲ ತನ್ನ ಅನ್ನವನ್ನು ತಾನೇ ಬೇಯಿಸಿಕೊಂಡು ಉಣ್ಣಬೇಕು. ಉಪ್ಪು ಖಾರ ಇಲ್ಲ. ಆ ಹೊತ್ತಿನ ಊಟ ತಪ್ಪಿದರೆ ಮತ್ತೆ ಬೇಯಿಸುವಂತಿಲ್ಲ.

"ಹಾಗಾದರೆ ಇವತ್ತು?" ಎಂದೆ.

"ಓ ಆಜ್ ಆರ್ ಭಾತ್ ಖಾಬೆ ನಾ" ಎಂದರು. ಅವನು ಇವತ್ತು ಇನ್ನು ಅನ್ನ ಉಣ್ಣುವುದಿಲ್ಲ ಎಂದು. ಆಮೇಲೆ ಹೇಳಿದ್ದು ಇನ್ನೂ ಕಷ್ಟದ್ದು. ತಾಯಿ ಎರಡು ವರ್ಷ ಹಾಸಿಗೆ ಹಿಡಿದಿದ್ದರು, ನೋಡಿಕೊಂಡವರು ಈ ಮಗನೇ. ತಾಯಿ ಸತ್ತ ದಿನದಿಂದ ಮಗನಿಗೆ ಒಂದು ತುತ್ತೂ ಇಳಿಯುತ್ತಿರಲಿಲ್ಲವಂತೆ. ದಿನವೂ ಬೇಯಿಸುವುದು, ಎಲೆಯ ಮುಂದೆ ಕೂತು ಏಳುವುದು, ಅನ್ನವನ್ನು ಗಂಗೆಗೆ ಹಾಕಿ ಬರುವುದು. "ಇವತ್ತು ಬೆಳಿಗ್ಗೆ ಮೊದಲನೇ ಸಲ, ಪಿಶೀ, ಹಸಿವಾಗ್ತಿದೆ ಅಂದ" ಎಂದರು ಅಜ್ಜಿ.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಾನು ಸುಬೀರ್ ಬಾಬುವಿನ ಹತ್ತಿರ ಹೋಗಿ ಕೈ ಮುಗಿದೆ. ಗೊತ್ತಿರಲಿಲ್ಲ, ಗುಡಿಯವರು ಎಂದುಕೊಂಡೆ, ನೀವು ಒಂದು ಮಾತು ಹೇಳಬಾರದಿತ್ತೇ ಎಂದೆ.

ಅವರು ಮಡಕೆ ತೊಳೆಯುತ್ತಿದ್ದರು. "ನೀವು ಬೀಳುವ ಹಾಗಿದ್ದಿರಿ" ಎಂದರು. ಮಡಕೆಯನ್ನು ಬೋರಲು ಹಾಕಿ, "ನಾಳೆ ಮತ್ತೆ ಬೇಯಿಸ್ತೇನಲ್ಲ" ಎಂದರು. ಹೊರಡುವಾಗ ಶ್ರಾದ್ಧದ ದಿನ ಹೇಳಿ, "ಬನ್ನಿ, ಅವತ್ತು ಸರಿಯಾಗಿ ಊಟ ಮಾಡಿ" ಎಂದರು.

ಅವರ ಅನ್ನದ ಬಲದಿಂದಲೇ ಸೇತುವೆ ದಾಟಿ, ಬಿ.ಟಿ. ರೋಡು ಹಿಡಿದು ಮನೆ ಸೇರಿದೆ. ಆ ದಿನ ಓಡಿದಷ್ಟು ದೂರ ನಾನು ಅದುವರೆಗೆ ಓಡಿರಲಿಲ್ಲ. ಶೈಲಾ ಎಲ್ಲ ಕೇಳಿ, ಬೈಯುತ್ತಾಳೆ ಎಂದು ಕಾದರೆ, ಬೈಯಲಿಲ್ಲ. "ಹೋಗ್ಲಿಕ್ಕೇ ಬೇಕು. ಹೋಗದಿದ್ರೆ ಇನ್ನೂ ಕೆಟ್ಟದಾಗ್ತದೆ" ಎಂದಳು. ಇಬ್ಬರೂ ಹಣ್ಣು, ಬಿಳಿ ಹೂವು ತೆಗೆದುಕೊಂಡು ಹೋದೆವು.

ಅವತ್ತು ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಸುಬೀರ್ ಬಾಬು ತಲೆ ಬೋಳಿಸಿಕೊಂಡು ಇನ್ನೂ ಚಿಕ್ಕವರ ಹಾಗೆ ಕಾಣುತ್ತಿದ್ದರು. ಪೂರಿ, ಕಡಲೆಬೇಳೆ, ಪನೀರಿನ ಪಲ್ಯ, ಟೊಮೇಟೊ ಚಟ್ನಿ, ಪಾಯಸ. ಬೇರೆ ದಿನವಾಗಿದ್ದರೆ ಅಡುಗೆಯವನ ಹೆಸರು ವಿಳಾಸ ಕೇಳಿಕೊಂಡು ಬರುತ್ತಿದ್ದೆ. ಅವತ್ತು ಒಂದೇ ಪೂರಿ ಹಾಕಿಸಿಕೊಂಡೆ. ಬಡಿಸುವವರು ಬೇರೆಯವರಿದ್ದರೂ ಸುಬೀರ್ ಬಾಬು ತಾವೇ ಉಪ್ಪಿನ ಬಟ್ಟಲು ಹಿಡಿದು ನನ್ನ ಹತ್ತಿರ ಬಂದರು. ಎಲೆಯ ತುದಿಗೆ ಉಪ್ಪು ಹಾಕಿ, "ಇವತ್ತು ಇದೆ" ಎಂದರು. ಚುಚ್ಚಿ ಹೇಳಿದ್ದಲ್ಲ. ಸ್ವಲ್ಪ ನಕ್ಕರೂ ಕೂಡ. ನಾನು ಎಲೆಯಿಂದ ತಲೆ ಎತ್ತಲಿಲ್ಲ.

ಹೊರಡುವಾಗ ಶೈಲಾ ಅಜ್ಜಿಯನ್ನು ಮೆಲ್ಲಗೆ ಕೇಳಿದಳು, ಸುಬೀರ್ ಬಾಬು ಈಗ ಊಟ ಮಾಡುತ್ತಾರಾ ಎಂದು. "ಮಾಡ್ತಾನೆ, ನಾನು ಬೈತೇನೆ ಅಂತ. ಹಸಿವಾಗ್ತಿದೆ ಅಂತ ಅವನು ಹೇಳಿದ್ದು ಅವತ್ತೊಂದೇ ದಿನ" ಎಂದರು ಅಜ್ಜಿ.

ಆಮೇಲೆ ಒಂದೆರಡು ಸಲ ಹೋಗಿ ಬಂದೆ. ಅವರು ಸಜ್ಜನರು, ನನಗಿಂತ ಅವರೇ ಮಾತು ಹುಡುಕಿ ಆಡುತ್ತಿದ್ದರು. ನಾನು ಒಯ್ದ ಇಡ್ಲಿಯನ್ನು ಚೆನ್ನಾಗಿದೆ ಎಂದು ಅರ್ಧ ತಿಂದು ಅರ್ಧ ಬಿಡುತ್ತಿದ್ದರು. ಕ್ರಮೇಣ ಹೋಗುವುದು ನಿಂತುಹೋಯಿತು. ಕೆಲವು ವರ್ಷಗಳ ಮೇಲೆ ನಾವೂ ಕೋಲ್ಕತ್ತಾ ಬಿಟ್ಟೆವು. ಓಡುವುದನ್ನು ನಾನು ಬಿಟ್ಟಿಲ್ಲ, ತಿನ್ನುವುದನ್ನೂ ಬಿಟ್ಟಿಲ್ಲ. ಬೇರೆಯವರ ಅಡುಗೆಗೆ ಉಪ್ಪು ಕಡಿಮೆ ಎಂದು ಹೇಳುವುದನ್ನು ಮಾತ್ರ ಅವತ್ತಿಗೇ ಬಿಟ್ಟೆ.

ಕಳೆದ ವರ್ಷ ಊರಿನಲ್ಲಿ ನನ್ನ ಅಮ್ಮ ಹೋದರು. ಇಷ್ಟು ತಿನ್ನುವ ನನಗೇ ಒಂದು ವಾರ ಏನೂ ಸೇರಲಿಲ್ಲ. ಗಂಜಿ ಕೂಡ ಬಾಯಲ್ಲಿ ಮಣ್ಣಾಗುತ್ತಿತ್ತು. ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಹಸಿವಾಯಿತು. ನಾಚಿಕೆಯೂ ಆಯಿತು, ಸಮಾಧಾನವೂ ಆಯಿತು. ಶೈಲಾ ಏನೂ ಕೇಳದೆ ಎಲೆ ಹಾಕಿ ಬಡಿಸಿದಳು. ಬಿಸಿ ಅನ್ನದ ಹಬೆ ಮುಖಕ್ಕೆ ಬಡಿಯಿತು. ಕೈ ಹಾಕುವ ಮೊದಲು ನಾನು ತೆರೆದ ಬಾಗಿಲ ಕಡೆ ನೋಡಿದೆ. ಈಗ ಯಾರಾದರೂ ಬಂದು ಅಂಗಳದಲ್ಲಿ ಕೂತರೆ ಈ ಎಲೆಯನ್ನು ಎತ್ತಿ ಕೊಡುತ್ತೇನೆಯೇ ಎಂದು ನನ್ನನ್ನೇ ಕೇಳಿಕೊಂಡೆ.

ಯಾರೂ ಬರಲಿಲ್ಲ. ಬಂದಿದ್ದರೂ ನಾನು ಕೊಡುತ್ತಿರಲಿಲ್ಲ.