ಶೇಂಗಾ ಚಟ್ನಿಪುಡಿ ಮತ್ತು ಕೆಲಸಕ್ಕೆ ಬಾರದ ಪ್ರೋಟೀನು

ಮೊನ್ನೆ ಬಿಟಿಎಂ ಲೇಔಟಿನ ರೊಟ್ಟಿ ಅಂಗಡಿಯ ಮುಂದೆ ಶೇಂಗಾ ಚಟ್ನಿಪುಡಿಯ ಘಾಟು ಮೂಗಿಗೆ ಬಡಿಯಿತು. ಕಾಲು ಅಲ್ಲೇ ನಿಂತಿತು. ಅಕ್ಕ...

ಎರಡು ಸಾವಿರದ ಇಸವಿಯ ಆಸುಪಾಸು. ನಾನು ಜಯನಗರದವಳು, ಅಕ್ಕ ಧಾರವಾಡದ ಕಡೆಯವಳು. ಬಿಟಿಎಂನಲ್ಲಿ ಅವಳ ಬಾಡಿಗೆ ರೂಮು. ಒಂದೇ ಲ್ಯಾಬಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೆವು, ಅವಳು ಸೀನಿಯರ್, ಅದಕ್ಕೇ ನಮಗೆಲ್ಲ ಅಕ್ಕ. ಜೀವಕೋಶದ ಹೊರಪೊರೆಯಲ್ಲಿ ಸಂದೇಶ ಹಿಡಿಯುವ ರಿಸೆಪ್ಟರ್‌ಗಳಿರುತ್ತವಲ್ಲ, ಅವುಗಳ ಪಕ್ಕದಲ್ಲೇ ಇರುವ ಒಂದು ಪ್ರೋಟೀನಿನ ಬೆನ್ನು ಹತ್ತಿದ್ದಳು. ಅದು ತಾನಾಗಿ ಸಂದೇಶ ಹಿಡಿಯುವುದಿಲ್ಲ, ಒಳಕ್ಕೆ ದಾಟಿಸುವುದೂ ಇಲ್ಲ. ಕೆಲಸಕ್ಕೆ ಬಾರದ್ದು, ಬಿಡದಿದ್ದರೆ ಥೀಸಿಸ್‌ಗೆ ಸಹಿ ಹಾಕುವುದಿಲ್ಲ ಎಂದರು ನಮ್ಮ ಗೈಡ್. ವರ್ಷಗಳ ದುಡಿಮೆ ನೀರುಪಾಲಾಗುವ ಮಾತು. ನಾವೆಲ್ಲ ಬಿಟ್ಟುಬಿಡು ಎಂದೆವು.

"ಕೋಶದಾಗಿಂದ ಅದನ್ನ ತಗದು ನೋಡೂಣ್ರಿ ಸರ್. ಆಮ್ಯಾಲ ಹೇಳ್ರಿ, ಕೆಲಸಕ್ಕ ಬರ್ತದೋ ಇಲ್ಲೋ," ಎಂದಳು ಅಕ್ಕ. ದನಿ ಏರಿಸಲಿಲ್ಲ, ತಗ್ಗಿಸಲೂ ಇಲ್ಲ.

ದಿನಾ ಸಂಜೆ ನಾಲ್ಕಕ್ಕೆ ಮೆಟ್ಟಿಲ ಮೇಲೆ ರೊಟ್ಟಿ, ಚಟ್ನಿಪುಡಿಯ ಡಬ್ಬಿ ಬಿಚ್ಚಿ ಎಲ್ಲರನ್ನೂ ಕೂಡಿಸುತ್ತಿದ್ದಳು. ಯಾರ ಪ್ರಯೋಗ ಕೆಟ್ಟಿತು, ಯಾಕೆ ಕೆಟ್ಟಿತು, ಎಲ್ಲ ಅಲ್ಲೇ ಗೊತ್ತಾಗುತ್ತಿತ್ತು. ಗೈಡಿಗೆ ಅದು ಬರೀ ಕಾಡುಹರಟೆ. ಅಕ್ಕನ ಮೇಜನ್ನೇ ಎತ್ತಿ ಹಿಂದಿನ ಕಟ್ಟಡಕ್ಕೆ ಹಾಕಿಸಿದರು. ದೊಡ್ಡ ಸಾಧನೆ! ಮೆಟ್ಟಿಲು ಖಾಲಿಯಾಯಿತು. ನಾನೂ ಪಕ್ಕದ ಮೇಜಿನವನೂ ಕೋಶಗಳಿಗೆ ಉಣಿಸುವ ಸೀರಮ್ಮಿನ ಕೆಟ್ಟುಹೋದ ಒಂದೇ ಬಾಟಲಿ ಬಳಸಿ ತಿಂಗಳುಗಟ್ಟಲೆ ಕೋಶಗಳನ್ನು ಸಾಯಿಸಿದೆವು. ಒಬ್ಬರಿಗೊಬ್ಬರು ಬಾಯಿ ಬಿಡಲಿಲ್ಲ.

ಅಲ್ಲಿ ಅಕ್ಕ ಒಬ್ಬಳೇ ಕೂತು ಆ ಪ್ರೋಟೀನಿಲ್ಲದ ಕೋಶಗಳನ್ನು ಬೆಳೆಸಿ, ನಮ್ಮೆಲ್ಲರ ಎದುರಿಗೇ ಗೈಡನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದಳು. ರಿಸೆಪ್ಟರ್ ಕಡಿಮೆಯಾಗಿರಲಿಲ್ಲ. ಆದರೆ ಮೊದಲು ಗುಂಪಾಗಿದ್ದವೆಲ್ಲ ಈಗ ದಿಕ್ಕಾಪಾಲಾಗಿದ್ದವು. ಹೊರಗಿನಿಂದ ಸಂದೇಶ ಕೊಟ್ಟರೂ ಕೋಶದೊಳಗೆ ಏನೂ ಅಲುಗಲಿಲ್ಲ.

"ಎಲ್ಲಾ ಅದಾವ್ರಿ ಸರ್," ಎಂದಳು. "ಕೂಡಿಸೂದೊಂದು ಇಲ್ಲ."

ಗೈಡ್ ಥೀಸಿಸ್‌ಗೆ ಸಹಿ ಹಾಕಿದರು. ಮೇಜನ್ನು ಮಾತ್ರ ವಾಪಸ್ ತರಿಸಲಿಲ್ಲ. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಹೋದ ವರ್ಷ ಅಕ್ಕ ತೀರಿಹೋದಳು. ಇನ್ನೂ ಎಷ್ಟೋ ಕೇಳುವುದಿತ್ತು...

ಈಗ ನನ್ನದೇ ಒಂದು ಲ್ಯಾಬಿದೆ. ಮೆಟ್ಟಿಲ ಮೇಲೆ ಕೂತು ತಿನ್ನಬಾರದೆಂದು ಮೇಲಿನವರು ನೋಟಿಸ್ ಅಂಟಿಸಿದ್ದಾರೆ. ಅಂಟಿಸಲಿ. ನಿನ್ನೆ ನಾಲ್ಕಕ್ಕೆ ಅದರ ಕೆಳಗೇ ಕೂತು ಡಬ್ಬಿ ಬಿಚ್ಚಿ ಎಲ್ಲರನ್ನೂ ಕರೆದೆ. ಅಂಗಡಿಯ ಪುಡಿಗೆ ಅಕ್ಕನ ಕೈರುಚಿ ಇಲ್ಲ, ಬರುವುದೂ ಇಲ್ಲ. ಆದರೂ ಡಬ್ಬಿ ಖಾಲಿಯಾಯಿತು.